ಮಂಡಾಳಿನ ತೂಕ

ಇಪ್ಪತ್ತೆರಡು ವರ್ಷದಿಂದ ರಾಯಚೂರ ಗಂಜಿನಾಗ
ನನ್ನ ಕೆಲಸ ಕೈ ಹಾಕೋದು.
ಚೀಲದ ಬಾಯಿ ಬಿಚ್ಚಿ, ಮೊಣಕೈಮಟ ಇಳಿಸಿ,
ಒಂದು ಮುಷ್ಟಿ ತೊಗರಿ ಅಂಗೈಮ್ಯಾಲ ಹೊರಳಿಸಿದರ ಸಾಕು:
ಹಸಿ ಎಷ್ಟು, ಹುಳ ಎಷ್ಟು, ಹರಳು ಎಷ್ಟು,
ಯಾರ ಮನಿಯಾಗ ಎಷ್ಟು ದಿನ ಕೂತ ಮಾಲು,
ಬೆರಳು ಹೇಳತಾವ. ಸೇಠ ನಂಬತಾನ.

ಅವೇ ಬೆರಳು ಸೋಮವಾರ ರಾತ್ರಿ
ಮಗಳ ಗಿನಿಪಿಗ್ಗಿನ ಎಡಬಗಲಾಗ
ನಿಂತುಬಿಟ್ಟವು.
ಒಂದು ಕಾಳು.
ಕೂದಲ ಸರಿಸಿದೆ, ಏನೂ ಕಾಣಲಿಲ್ಲ.
ಕಣ್ಣು ಮುಚ್ಚಿದೆ, ಮತ್ತ ಸಿಕ್ಕಿತು.
ಹಿಡಿಯಾಕ ಹೋದರ ಚರ್ಮದ ಕೆಳಗ ಜಾರತದ,
ಜೋಳಕ್ಕಿಂತ ದೊಡ್ಡದು, ತೊಗರಿಗಿಂತ ಚೂರು ಸಣ್ಣದು.

ಮಂಡಾಳು ಅಂತ ಅದರ ಹೆಸರು.
ಬೆಳ್ಳಗ, ಹಗುರ, ಹಿಡಿಯಷ್ಟಿದ್ದಾಗ ಬಂದದ್ದು.
"ಕೈ ಯಾಕ ನಿಂತಿತಪ್ಪಾ?" ಭುವನಾ ಕೇಳಿದಳು.
"ಏನಿಲ್ಲ, ಕೂದಲಾಗ ಗಂಟು."
ಅರ್ಧ ಖರೇ ಹೇಳಿದ್ದೆ.

"ಮನುಷ್ಯಾರ ಗಂಟಿಗೇ ಪಾಳಿ ಹಚ್ಚಿ ನಿಂತಾರ
ದವಾಖಾನಿ ಮುಂದ, ನೀವು ಇಲಿಗೆ ಅಳತೀರಿ,"
ಅಂದವಳು ಶಂಕ್ರಮ್ಮ, ನನ್ನ ಹೆಂಡತಿ.
ಮಧ್ಯಾಹ್ನ ನಲವತ್ತಮೂರು ಡಿಗ್ರಿಯಾಗ
ಗೂಡಿನಮ್ಯಾಲ ಹಸಿ ಗೋಣಿ ಹೊದಿಸಿದವಳೂ ಅವಳೇ.
ಒಣಗಿದಾಗೊಮ್ಮೆ ಎದ್ದು ತೋಯಿಸತಾಳ,
ಯಾರೂ ನೋಡಬಾರದು ಅನ್ನೋಹಂಗ.

ಪಶು ಆಸ್ಪತ್ರಿಯಾಗ ನಮ್ಮ ಮುಂದ ಎರಡು ಆಡು,
ಒಂದು ಕುಂಟ ಎಮ್ಮಿ.
ಡಾಕ್ಟರ್ ಫರ್ಹಾನಾ ಮಂಡಾಳನ್ನ ಟವೆಲಿನಾಗ ಸುತ್ತಿ ಹಿಡಿದರು.
"ಇನ್ನೊಂದದ ರೀ," ನಾನು ಅವಸರ ಮಾಡಿದೆ,
"ಎದಿ ನಡುವ, ಕಲ್ಲಿನಂಥದ್ದು."
ಅವರು ಮುಟ್ಟಿ ನಕ್ಕರು.
"ಅದು ಎದಿ ಎಲುಬಿನ ತುದಿ. ನಿಮಗೂ ಅದ, ಒತ್ತಿಕೊಳ್ರಿ."
ಗುಂಡಿ ಬಿಚ್ಚಿ ಒತ್ತಿಕೊಂಡೆ.
ಬಾಜೂ ನಿಂತ ಆಡಿನಾತನೂ ಒತ್ತಿಕೊಂಡ.
ಇಬ್ಬರಿಗೂ ಇತ್ತು.

ಬಗಲಿನ ಗಂಟಿಗೆ ಮಾತ್ರ ಸೂಜಿ ಹಾಕಿದರು.
ಗಾಜಿನಮ್ಯಾಲ ತುಪ್ಪದಂಥದ್ದು ಒಂದು ಹನಿ.
"ಕೊಬ್ಬು ಇರಬೇಕು. ಬಿಡ್ರಿ ಹಂಗ.
ಕೊಯ್ಯಾಕ ಮಂಪರು ಕೊಟ್ಟರ ಏಳತದ ಅನ್ನಲಾರೆ.
ವಾರಕ್ಕೊಮ್ಮೆ ತೂಗ್ರಿ. ತಿನ್ನೋದು ಬಿಟ್ಟರ
ಅವತ್ತೇ ಬರ್ರಿ, ನಾಳಿ ಅನಬ್ಯಾಡ್ರಿ."

ಇರಬೇಕು.
ಆ ಒಂದು ಮಾತು ಆಟೋದಾಗ ನನ್ನ ತೊಡಿಮ್ಯಾಲ ಕೂತು ಬಂತು.
ಗಂಜಿನಾಗ 'ಇರಬೇಕು'ಗೆ ದರ ಇಲ್ಲ.
ಅದ, ಇಲ್ಲಾ ಇಲ್ಲ.

ಆಯಿತವಾರ ಕಿರಾಣಿ ಅಂಗಡಿ ತಕ್ಕಡಿ.
ಸ್ಟೀಲಿನ ಡಬರಿಯಾಗ ಮಂಡಾಳು, ಡಬರಿ ತೂಕ ಕಳಿ,
ದರದ ಡೈರಿಯಾಗ ತೊಗರಿ, ಹತ್ತಿಯ ಕೆಳಗ ಬರಿ:
ಮಂಡಾಳು ೯೧೦. ಮಂಡಾಳು ೯೦೫.
ಮಂಡಾಳು ೯೧೨. ಮಂಡಾಳು ೮೮೦.

ಸೇಠ ಕನ್ನಡಕ ಏರಿಸಿದ:
"ಮಂಡಾಳಿನ ವ್ಯಾಪಾರ ಯಾವಾಗ ಹಿಡದ್ವೋ ನಾವು?
ಅದೂ ಗ್ರಾಮಿನ ಲೆಕ್ಕದಾಗ?"
ಹೇಳಿದೆ.
ನಗತಾನ ಅಂದುಕೊಂಡಿದ್ದೆ.
ಸಾಲಿನಮ್ಯಾಲ ಬೆರಳಿಟ್ಟು ಸುಮ್ಮನ ಕೂತ.
"ಮೂವತ್ತೆರಡು ಇಳದದಲ್ಲೋ," ಅಂದ.
ಈಗ ಸೋಮವಾರ ತೊಗರಿ ದರಕ್ಕಿಂತ ಮೊದಲು
ಅದನ್ನೇ ಕೇಳತಾನ.

ಸಂಜಿಗೆ ಕೊತ್ತಂಬರಿ ಚೀಲ ಪರಪರ ಅಂದರ
ಒಳಗಿಂದ ಸೀಟಿ.
ಹಂಗ ಸೀಟಿ ಹೊಡೆಯೋತನಕ ನಾನು ಮುಟ್ಟಿ ನೋಡಂಗಿಲ್ಲ,
ಅದು ನಂದೇ ಒಂದು ಕರಾರು.
ಆಮ್ಯಾಲ, ಎಲ್ಲಾರೂ ಮಲಗಿದಮ್ಯಾಲ, ಮುರೀತೀನಿ.

ನಿನ್ನೆ ಕತ್ತಲಾಗ ಗೂಡಿಗೆ ಕೈ ಚಾಚಿದರ
ಅಲ್ಲಿ ಆಗಲೇ ಒಂದು ಕೈ ಇತ್ತು, ಸಣ್ಣದು.
"ನನಗ ನಿನಗಿಂತ ಮೊದಲೇ ಗೊತ್ತಿತ್ತಪ್ಪಾ," ಅಂದಳು ಭುವನಾ.
"ನೀ ಅಂಜತಿ ಅಂತ ಹೇಳಿರಲಿಲ್ಲ."
ಇಬ್ಬರೂ ಪಾಳಿ ಪ್ರಕಾರ ಮುಟ್ಟಿದಿವಿ.
ಮಂಡಾಳು ಬ್ಯಾಸರಾಗಿ ಮಗ್ಗಲು ಬದಲಿಸಿತು.

"ಎಷ್ಟದ?"
"ತೊಗರಿಯಷ್ಟು."
"ಹೋದ ವಾರನೂ ತೊಗರಿಯಷ್ಟೇ ಅಂದಿದ್ದಿ."
ಹೌದು ಅಂದೆ.
ತೊಗರಿಯಾಗೂ ದಪ್ಪನವು, ಸಣ್ಣವು ಇರತಾವ ಅಂತ
ಅವಳಿಗೆ ಇನ್ನಾ ಕಲಿಸಿಲ್ಲ.